ತಲುಪದೆ ಹೋದ ಚೀಟಿ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ನಾನು ಕಾಲೇಜಿನಲ್ಲಿ ಬೋಧಿಸುವ ಗಣಕಜಾಲಗಳ ಕುರಿತೇ ಬರೆಯುವುದಾಗಿ ಒಪ್ಪಿಕೊಂಡೆ. ಬರೆಯಲು ಕುಳಿತಾಗ, ಆ ವಿಷಯದ ಮೊದಲ ಪಾಠವನ್ನು ಕಲಿತದ್ದು ಈ ಶಾಲೆಯಲ್ಲೇ, ಅದೂ ನನ್ನ ತಪ್ಪಿನಿಂದಲೇ, ಎಂಬುದು ನೆನಪಾಯಿತು.

ಆ ದಿನಗಳಲ್ಲಿ ಕಾಸರಗೋಡಿನ ನಮ್ಮ ಒಳನಾಡಿಗೆ ದೂರವಾಣಿ ಬಂದಿರಲಿಲ್ಲ. ಮಳೆಗಾಲದಲ್ಲಿ ತೋಡು ತುಂಬಿ ಸಂಕ ಮುಳುಗಿದರೆ ಅಂಚೆಯವನೂ ಬರುತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ಹೆತ್ತವರಿಗೆ ತಿಳಿಸಬೇಕಾದುದನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಗೆ ಕೊಡುತ್ತಿದ್ದರು. ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತ ಅದು ಮನೆ ಸೇರುತ್ತಿತ್ತು. ದಾರಿ ಯಾವುದೆಂಬುದನ್ನು ಆ ದಿನದ ಮಳೆಯೇ ನಿರ್ಧರಿಸುತ್ತಿತ್ತು.

ಗೋಪುರಗಳಿಲ್ಲದ ಸಂಚಾರಿ ನಿಸ್ತಂತು ಜಾಲವೂ ಹೀಗೆಯೇ. ನಮ್ಮ ಕೈಯ ಮೊಬೈಲು ಸಮೀಪದ ಗೋಪುರವನ್ನು ನಂಬಿದೆ. ರಣರಂಗದಲ್ಲಿ, ನೆರೆ ಭೂಕಂಪಗಳಲ್ಲಿ ಗೋಪುರವೆಲ್ಲಿ? ಅಲ್ಲಿ ಪ್ರತಿಯೊಂದು ಸಾಧನವೂ ಮಾತನಾಡುವವನಾಗಿರುವಂತೆ ಅಂಚೆಯವನೂ ಆಗಬೇಕು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲೇ ಇಂಥ ಪ್ರಯೋಗಗಳನ್ನು ಆರಂಭಿಸಿತ್ತು. ಸಾಧನಗಳು ಚಲಿಸುತ್ತಲೇ ಇರುವುದರಿಂದ ದಾರಿಯನ್ನು ಆಗಾಗ ಹುಡುಕಬೇಕಾಗುತ್ತದೆ. ಎ.ಓ.ಡಿ.ವಿ. ಎಂಬ ಪ್ರಸಿದ್ಧ ವಿಧಾನದಲ್ಲಿ ಒಂದು ಸಾಧನವು "ಇಂಥವರಲ್ಲಿಗೆ ದಾರಿ ಬಲ್ಲಿರಾ?" ಎಂದು ನೆರೆಯವರನ್ನು ಕೇಳುತ್ತದೆ, ಅವರು ತಮ್ಮ ನೆರೆಯವರನ್ನು ಕೇಳುತ್ತಾರೆ. ಯಾರ ಉತ್ತರದ ಕ್ರಮಸಂಖ್ಯೆ ದೊಡ್ಡದೋ ಅದೇ ಹೊಸ ಸುದ್ದಿಯೆಂದು ನಂಬಲಾಗುತ್ತದೆ. 2003ರಲ್ಲಿ ಪ್ರಕಟವಾದ ಅದರ ನಿರೂಪಣೆಯಲ್ಲಿ ಭದ್ರತೆಗೆಂದು ವಿಶೇಷ ಏರ್ಪಾಡೇನೂ ಇರಲಿಲ್ಲ. ಎಲ್ಲರೂ ಪ್ರಾಮಾಣಿಕರೆಂಬ ನಂಬಿಕೆಯ ಮೇಲೆಯೇ ಅದು ನಿಂತಿತ್ತು.

ನಮ್ಮ ಶಾಲೆಯ ಚೀಟಿಗಳೂ ಅದೇ ನಂಬಿಕೆಯ ಮೇಲೆ ನಡೆಯುತ್ತಿದ್ದವು. ನಾನು ಏಳನೆಯ ತರಗತಿಯಲ್ಲಿದ್ದಾಗ ಜ್ವರದಿಂದ ಮಲಗಿದ್ದ ಸಹಪಾಠಿಯೊಬ್ಬಳ ಮನೆಗೆ ಚೀಟಿ ಹೋಗಬೇಕಿತ್ತು. ವಿದ್ಯಾರ್ಥಿವೇತನದ ಅರ್ಜಿಗೆ ಅವಳ ತಂದೆ ಮರುದಿನವೇ ಬಂದು ಸಹಿ ಹಾಕಬೇಕಿತ್ತು. "ನನ್ನ ದಾರಿಯೇ ಹತ್ತಿರ ಸಾರ್, ನಾನು ಮುಟ್ಟಿಸುತ್ತೇನೆ" ಎಂದು ನಾನು ಎದ್ದು ನಿಂತೆ. ದಾರಿ ಹತ್ತಿರವಾಗಿರಲಿಲ್ಲ, ತರಗತಿಯಿಂದ ಬೇಗ ಹೊರಬೀಳುವ ಆಸೆ ಮಾತ್ರ ಇತ್ತು. ತೋಡಿನಲ್ಲಿ ಮೀನು ಹಿಡಿಯುತ್ತ ಚೀಟಿಯನ್ನು ಮರೆತೆ. ರಾತ್ರಿ ಚಡ್ಡಿಯ ಕಿಸೆಯಲ್ಲಿ ಅದು ಒದ್ದೆಯ ಮುದ್ದೆಯಾಗಿತ್ತು. ಕೇಳಿದಾಗ ಮುಂದಿನ ಹುಡುಗನಿಗೆ ಕೊಟ್ಟೆನೆಂದು ಸುಳ್ಳು ಹೇಳಿದೆ. ಅವನು ಇಲ್ಲವೆಂದ. ಯಾರ ಮಾತು ನಿಜವೆಂದು ನಿರ್ಣಯಿಸುವ ಬಗೆ ಇರಲಿಲ್ಲ. ಆಕೆಗೆ ವಿದ್ಯಾರ್ಥಿವೇತನ ತಪ್ಪಿತು. ಮರುವರ್ಷ ಅವಳು ಶಾಲೆಗೆ ಬರಲಿಲ್ಲ.

ಹತ್ತಿರದ ದಾರಿ ತನ್ನಲ್ಲಿದೆಯೆಂದು ದೊಡ್ಡ ಸಂಖ್ಯೆಯ ಸುಳ್ಳುತ್ತರ ಕೊಟ್ಟು, ಬಂದ ಸಂದೇಶಗಳನ್ನೆಲ್ಲ ನುಂಗಿಬಿಡುವ ಸಾಧನವನ್ನು ನಮ್ಮ ಶಾಸ್ತ್ರದಲ್ಲಿ 'ಕಪ್ಪುಕುಳಿ' ಎನ್ನುತ್ತಾರೆ. ಅದನ್ನು ಪಾಠ ಹೇಳುವಾಗಲೆಲ್ಲ ನನಗೆ ಆ ಕಿಸೆ ನೆನಪಾಗುತ್ತದೆ.

ಮುಖ್ಯೋಪಾಧ್ಯಾಯರು ಬೆತ್ತ ಹಿಡಿಯಲಿಲ್ಲ. ಅಂದಿನಿಂದ ಚೀಟಿ ಪಡೆದವರೆಲ್ಲ ಅದರ ಬೆನ್ನಿಗೆ ತಮ್ಮ ಹೆಸರು ಬರೆಯಬೇಕು, ಮನೆಯವರ ಸಹಿ ಶಾಲೆಗೆ ಮರಳಬೇಕು ಎಂದು ನಿಯಮ ಮಾಡಿದರು. 2002ರಲ್ಲಿ ಯಿ-ಚುನ್ ಹು, ಏಡ್ರಿಯನ್ ಪೆರಿಗ್, ಡೇವಿಡ್ ಜಾನ್ಸನ್ ಎಂಬ ವಿದ್ವಾಂಸರು ಪ್ರಕಟಿಸಿದ 'ಅರಿಯಾಡ್ನೆ' ವಿಧಾನದ ತಿರುಳೂ ಇಂಥದೇ. ದಾರಿ ಕೇಳುವ ಕರೆ ಹಾದುಹೋಗುವ ಪ್ರತಿಯೊಂದು ಸಾಧನವೂ ತನ್ನ ಗುಪ್ತ ಕೀಲಿಯಿಂದ ಮುದ್ರೆ ಒತ್ತುತ್ತದೆ. ನಡುವಿನ ಹೆಸರೊಂದನ್ನು ಅಳಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ಆದರೆ ಮುದ್ರೆಯೊತ್ತಿದವನು ಮುಂದೆ ಬರುವ ಸಂದೇಶವನ್ನು ಒಯ್ದೇ ಒಯ್ಯುವನೆಂಬ ಭರವಸೆಯೇನು? ಅದಕ್ಕೆ ತಲುಪಿದ ಸುದ್ದಿ ಮರಳಿ ಬರಬೇಕು. ತಾನು ಕೊಟ್ಟದ್ದನ್ನು ನೆರೆಯವನು ಮುಂದೆ ಸಾಗಿಸಿದನೇ ಎಂದು ಕಿವಿಗೊಟ್ಟು ಕೇಳುವ ಕಾವಲು ವಿಧಾನವನ್ನು 2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಸೂಚಿಸಿದ್ದರು. ಗದ್ದಲದಲ್ಲಿ ಆ ಕಿವಿಯೂ ಒಮ್ಮೊಮ್ಮೆ ತಪ್ಪು ಕೇಳುವುದುಂಟು.

ಇಷ್ಟೆಲ್ಲ ಕೀಲಿ ಮುದ್ರೆಗಳ ಆಚೆಗೆ, ಇಂಥ ಜಾಲ ಉಳಿಯುವುದು ಪರರ ಮಾತನ್ನು ತನ್ನದೆಂಬಂತೆ ಒಯ್ಯುವವರಿಂದ. ಗಡಿನಾಡಿನಲ್ಲಿ ಕನ್ನಡವೂ ಐವತ್ತು ವರ್ಷ ಹೀಗೆಯೇ ಕೈಯಿಂದ ಕೈಗೆ ದಾಟಿ ಬಂದಿದೆ. ಆ ಸಹೋದರಿ ಈ ಪುಟವನ್ನು ಓದಿದರೆ ನನ್ನನ್ನು ಕ್ಷಮಿಸಲಿ. ಸುಳ್ಳಿನ ಆರೋಪ ಹೊತ್ತ ಆ ಗೆಳೆಯನೂ ಕ್ಷಮಿಸಲಿ. ಚೀಟಿ ನಿಂತದ್ದು ನನ್ನ ಕೈಯಲ್ಲೇ. ನಮ್ಮ ಶಾಲೆ ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.