ಬಂದಳಿಕೆಗೆ ಹೊರಟ ಪನ್ನಾ ಕೋಟಾ

ಬಂದಳಿಕೆ ನೋಡೋಕೆ ಹೋಗೋರಿಗೆ ಒಂದೇ ಮಾತು: ತಿಂಡಿ ಡಬ್ಬಿ ಕಟ್ಕೊಂಡು ಹೋಗಿ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸುಮಾರು 35 ಕಿಲೋಮೀಟರ್. ದಾರಿಯುದ್ದಕ್ಕೂ ಮೆಕ್ಕೆಜೋಳ, ಭತ್ತ, ಶುಂಠಿ, ಅಲ್ಲಲ್ಲಿ ಅಡಿಕೆ ತೋಟ. ಬಳ್ಳಿಗಾವಿ, ತಾಳಗುಂದ, ಅಕ್ಕಮಹಾದೇವಿಯ ಉಡುತಡಿ ಎಲ್ಲಾ ಇದೇ ಸುತ್ತಿನಲ್ಲಿವೆ. ಅಲ್ಲಿಗೆಲ್ಲ ಹೋಗುವ ಎಷ್ಟೋ ಜನ ಬಂದಳಿಕೆಯ ತನಕ ಬರೋದೇ ಇಲ್ಲ. ಬಂದವರಿಗೆ ಸಿಗೋದು ಹಳೇ ಗುಡಿಗಳು, ಮರದ ನೆರಳು, ಮೌನ.

ಸಲದ ಹಾಗೆ ಚಿತ್ರಾನ್ನ, ಮೊಸರನ್ನ ಕಟ್ಟಿದ್ರೆ ನಾನು ಇದನ್ನ ಬರೀತಾನೇ ಇರ್ಲಿಲ್ಲ. ಈ ಸಲ ಡಬ್ಬಿಯಲ್ಲಿದ್ದದ್ದು ಇಟಲಿಯ ಪನ್ನಾ ಕೋಟಾ. ಯಾಕೆ ಅಂತ ಹೇಳ್ಬೇಕು ಅಂದ್ರೆ ನಮ್ಮ ಅಜ್ಜಿ ವಿಷಯ ಹೇಳ್ಬೇಕು.

ಅಜ್ಜಿಗೆ ಎಂಬತ್ತೆರಡು. ಹಲ್ಲಿಲ್ಲ, ಮಂಡಿನೋವು ಬೇರೆ. ಮೊಟ್ಟೆ ಮುಟ್ಟಲ್ಲ. ಕಳೆದ ವರ್ಷ ಬೆಂಗಳೂರಿನಲ್ಲಿ ನಮ್ಮ ಕಸಿನ್ ಎಂಗೇಜ್‌ಮೆಂಟ್. ಪುಟ್ಟ ಪುಟ್ಟ ಗ್ಲಾಸ್‌ನಲ್ಲಿ ಟಿರಮಿಸು, ಪನ್ನಾ ಕೋಟಾ ಹಂಚಿದ್ರು. “ಇದ್ರಾಗೆ ತತ್ತಿ ಏನಾರ ಹಾಕ್ಯಾರೇನಪ್ಪಾ?” ಅಂತ ಅಜ್ಜಿ ಕೇಳಿದ್ರು. ಬಡಿಸೋ ಹುಡುಗನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಎಲ್ಲರೂ ಚಮಚ ಆಡಿಸ್ತಾ ಇದ್ದಾಗ ಅಜ್ಜಿ ಕೈ ಮಡಚಿಕೊಂಡು ಕೂತಿದ್ರು. “ನಂಗೆ ಸಿಹಿ ಬ್ಯಾಡ ಬಿಡ್ರೋ” ಅಂದ್ರು. ಸಿಹಿ ಅಂದ್ರೆ ಪ್ರಾಣ ಅವರಿಗೆ ಅಂತ ಮನೆಯವರಿಗೆಲ್ಲ ಗೊತ್ತು.

ಆಮೇಲೆ ಓದಿ ನೋಡಿದ್ರೆ ಅವರ ಅನುಮಾನ ಸರಿಯಾಗೇ ಇತ್ತು. ಟಿರಮಿಸು 1970ರ ಸುಮಾರಿಗೆ ಇಟಲಿಯ ಟ್ರೆವಿಸೊ ಊರಿನಿಂದ ಹೆಸರಾದ ಸಿಹಿ. ಅದರ ಕ್ರೀಮಿಗೆ ಮೊಟ್ಟೆಯ ಹಳದಿ ಬೇಕು, ಕೆಳಗಿಡೋ ಬಿಸ್ಕೆಟ್‌ನಲ್ಲೂ ಮೊಟ್ಟೆ. ಪನ್ನಾ ಕೋಟಾ ಅಂದ್ರೆ ‘ಬೇಯಿಸಿದ ಕೆನೆ’. ಕೇಳೋಕೆ ಪಾಪದ್ದು, ಆದ್ರೆ ಅದನ್ನ ಹೆಪ್ಪುಗಟ್ಟಿಸೋ ಜೆಲಾಟಿನ್ ಬರೋದು ಪ್ರಾಣಿಗಳ ಚರ್ಮ, ಮೂಳೆಯಿಂದ. ಮೊಟ್ಟೆ ಇಲ್ಲ ಅಂದ ಮಾತ್ರಕ್ಕೆ ಸಸ್ಯಾಹಾರ ಅಲ್ಲ.

ಒಳ್ಳೇ ಸುದ್ದಿ ಏನಂದ್ರೆ ಈ ಎರಡಕ್ಕೂ ಓವನ್ ಬೇಡ, ಎರಡನ್ನೂ ನಮ್ಮ ಅಡುಗೆಮನೆಗೆ ತಕ್ಕ ಹಾಗೆ ತಿದ್ದಬಹುದು. ಟಿರಮಿಸುಗೆ ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಟ್ಟ ಮೊಸರು, ತಾಜಾ ಕೆನೆ, ಪುಡಿ ಸಕ್ಕರೆ. ಬಿಸ್ಕೆಟ್ ಬದಲು ಹಸಿರು ಚುಕ್ಕೆ ಇರೋ ರಸ್ಕ್. ಅದನ್ನ ತಣ್ಣಗಿನ ಗಟ್ಟಿ ಡಿಕಾಕ್ಷನ್‌ನಲ್ಲಿ ಒಂದೇ ಕ್ಷಣ ಅದ್ದಿ ತೆಗೀಬೇಕು. ಪುಟ್ಟ ಲೋಟದಲ್ಲಿ ಎರಡು ಪದರ ಹಾಕಿ, ಮೇಲೆ ಕೋಕೋ ಪುಡಿ ಉದುರಿಸಿ, ನಾಲ್ಕು ಗಂಟೆ ಫ್ರಿಜ್. ಮನೆಯಲ್ಲಿ ತಿನ್ನೋಕೆ ಇದು ಚೆಂದ. ಬಂದಳಿಕೆ ರಸ್ತೆಯ ಬಿಸಿಲು, ಕುಲುಕಾಟಕ್ಕೆ ಇದು ತಡೆಯಲ್ಲ.

ಪಯಣಕ್ಕೆ ಪನ್ನಾ ಕೋಟಾನೇ ಸೈ, ಅದೂ ಚೈನಾ ಗ್ರಾಸ್ ಹಾಕಿದ್ದು. ಚೈನಾ ಗ್ರಾಸ್ ಅಂದ್ರೆ ಸಮುದ್ರದ ಪಾಚಿಯಿಂದ ತೆಗೆದ ಅಗರ್. ಜೆಲಾಟಿನ್ ಮಧ್ಯಾಹ್ನದ ಬಿಸಿಲಿಗೇ ಕರಗುತ್ತೆ. ಅಗರ್ 35–40 ಡಿಗ್ರಿಗೆ ಗಟ್ಟಿಯಾಗುತ್ತೆ, ಒಮ್ಮೆ ಗಟ್ಟಿಯಾದ್ರೆ ಮತ್ತೆ ಕರಗೋಕೆ ಸುಮಾರು 85 ಡಿಗ್ರಿ ಬೇಕು. ಕರೆಂಟ್ ಹೋದ್ರೂ ಚಿಂತೆಯಿಲ್ಲ, ಫ್ರಿಜ್ ಇಲ್ಲದೆಯೂ ಹೆಪ್ಪಾಗುತ್ತೆ.

ಐದು ಗ್ರಾಂ ಚೈನಾ ಗ್ರಾಸ್ ಎಳೆಗಳನ್ನ ಕಾಲು ಗಂಟೆ ಒಂದು ಬಟ್ಟಲು ನೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ. ಪಕ್ಕದ ಒಲೆಯಲ್ಲಿ 400 ಮಿಲಿ ಹಾಲು, 100 ಮಿಲಿ ಕೆನೆ, ಐದು ಚಮಚ ಸಕ್ಕರೆ ಕುದಿ ಬರಲಿ. ಎರಡೂ ಬಿಸಿ ಇರುವಾಗಲೇ ಸೇರಿಸಿ. ಹಾಲು ತಣ್ಣಗಿದ್ರೆ ಗಂಟಾಗುತ್ತೆ. ವೆನಿಲ್ಲಾ ಬದಲು ಏಲಕ್ಕಿ. ಸೋಸಿ ತಟ್ಟೆಗೆ ಸುರಿದು, ಗಟ್ಟಿಯಾದ ಮೇಲೆ ಹಾಲುಬಾಯಿ ಥರ ಪುಟ್ಟ ತುಂಡು ಮಾಡಿ. ಒಂದೊಂದು ತುತ್ತಿಗೆ ಒಂದೊಂದು. ತಿನ್ನುವಾಗ ಮೇಲೆ ಜೋನಿಬೆಲ್ಲ. ಬೆಲ್ಲವನ್ನ ಬಿಸಿ ಹಾಲಿಗೆ ಹಾಕಬೇಡಿ, ಒಡೆಯುತ್ತೆ. ಹಾಲಿನ ಪದಾರ್ಥ ಆದ್ದರಿಂದ ಬೆಳಿಗ್ಗೆ ಮಾಡಿ, ಎರಡು ಮೂರು ಗಂಟೆಯೊಳಗೆ ಮುಗಿಸಿ.

ಬಂದಳಿಕೆಗೆ ಹೋಗಬೇಕು ಅನ್ನೋದು ಅಜ್ಜಿಯದೇ ಹಠ. ಬನಶಂಕರಮ್ಮನ್ನ ನೋಡಿ ಬಹಳ ವರ್ಷ ಆಗಿತ್ತು. ಅಮ್ಮನಿಗೆ ಕೈಮುಗಿದು ಹಳೇ ಗುಡಿಗಳ ಕಡೆ ನಿಧಾನಕ್ಕೆ ನಡೆದ್ವಿ. ಸೋಮೇಶ್ವರ ಗುಡಿಯ ಬಾಗಿಲ ಎರಡೂ ಪಕ್ಕ ಕಲ್ಲಿನ ಜಾಲಂಧ್ರ, ಅದರ ತುಂಬ ರಾಮಾಯಣ, ಮಹಾಭಾರತದ ಕತೆಗಳು. ಮೂರು ಗರ್ಭಗುಡಿಯ ತ್ರಿಮೂರ್ತಿ ನಾರಾಯಣ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಆಮೇಲೆ ಶಾಂತಿನಾಥ ಬಸದಿ.

ಈ ಊರಿನ ಶಾಸನವೊಂದರಲ್ಲಿ ಜಕ್ಕಿಯಬ್ಬೆ ಇದ್ದಾಳೆ. ಹತ್ತನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಅಧಿಕಾರ ಇವಳಿಗೆ ಬಂತು. ಚೆನ್ನಾಗಿ ಆಳಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನ ಮಗಳಿಗೆ ಒಪ್ಪಿಸಿ, ಇಲ್ಲಿನ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು, ಅನ್ನ ಬಿಟ್ಟು ಪ್ರಾಣ ಬಿಟ್ಟಳು. ಅಜ್ಜಿಗೆ ಈ ಕತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಟ್ಟಿ ಹೆಂಗಸು” ಅಂದ್ರು. ಏನು ತಿಂತೀವಿ, ಏನು ಬಿಡ್ತೀವಿ ಅನ್ನೋದು ಕೆಲವರಿಗೆ ನಾಲಿಗೆಯ ಮಾತಲ್ಲ, ಕೊಟ್ಟ ಮಾತು. ನಾವು ಪಾರ್ಟಿಗಳಲ್ಲಿ ಅದನ್ನ ‘ಅಜ್ಜಿಯ ಮಡಿ’ ಅಂತ ನಕ್ಕು ಮುಗಿಸ್ತೀವಿ.

ಸ್ಮಾರಕದ ಆವರಣದಿಂದ ಹೊರಗೆ ಬಂದು ಮರದಡಿ ಕೂತು ಡಬ್ಬಿ ತೆರೆದ್ವಿ. ಅಜ್ಜಿ ಕೇಳೋ ಮೊದಲೇ ಒಂದೊಂದಾಗಿ ಹೇಳಿದೆ: ಹಾಲು, ಕೆನೆ, ಸಕ್ಕರೆ, ಏಲಕ್ಕಿ, ಪಾಚಿಯಿಂದ ಮಾಡಿದ ಎಳೆ, ಮೇಲೆ ಸೊರಬದ ಕಡೆಯ ಜೋನಿಬೆಲ್ಲ. ಅಷ್ಟೇ. ಒಂದು ತುಂಡು ಬಾಯಿಗಿಟ್ಟರು. ಅಗಿಯೋ ಕೆಲಸವೇ ಇಲ್ಲ.

“ಹಾಲುಬಾಯಿ ಹಂಗೇ ಐತಲ್ಲೋ. ಏಲಕ್ಕಿ ಒಂಚೂರು ಜಾಸ್ತಿ ಆಗೇತಿ.”

ಹೀಗಂತಲೇ ಮತ್ತೆ ನಾಲ್ಕು ತುಂಡು ತಿಂದ್ರು. 

ಓವನ್ ಇಲ್ಲದ ಇಂಥ ಸಿಹಿಗಳನ್ನ ನೀವೂ ಮಾಡಿ, ಹಬ್ಬಕ್ಕೂ ಹಂಚಿ. ಆದ್ರೆ ಡಬ್ಬಿಯ ಮುಚ್ಚಳದ ಮೇಲೆ ಏನೇನು ಹಾಕಿದ್ದೀರಿ ಅಂತ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡಿ. “ಸಿಹಿ ಬೇಡ” ಅನ್ನೋ ಹಿರಿಯರಲ್ಲಿ ಎಷ್ಟು ಜನಕ್ಕೆ ನಿಜವಾಗ್ಲೂ ಬೇಡವೋ, ಎಷ್ಟು ಜನಕ್ಕೆ ಕೇಳೋಕೆ ಸಂಕೋಚವೋ, ಆಗ ತಿಳಿಯುತ್ತೆ.