ಆಕಾಶದಲ್ಲಿ ಆರು ನಿಮಿಷ

ನಮ್ಮ ತಾಯಿಯವರು ತಮ್ಮ ಅಸ್ಥಿಯನ್ನು ಹರಿದ್ವಾರದ ಗಂಗೆಗೆ ಬಿಡಬೇಕೆಂದು ಹೇಳಿ ತೀರಿಕೊಂಡಿದ್ದರು. ಅದರಂತೆ ಕಳೆದ ಮಾಘದಲ್ಲಿ ನಾವೂ ನಮ್ಮ ಮನೆಯವರೂ ದೆಹಲಿಯವರೆಗೆ ವಿಮಾನದಲ್ಲಿಯೂ ಮುಂದಕ್ಕೆ ರೈಲಿನಲ್ಲಿಯೂ ಹೋಗುವುದೆಂದು ಗೊತ್ತುಮಾಡಿಕೊಂಡು ಹೊರಟೆವು. ಮರುದಿನ ಪ್ರಾತಃಕಾಲ ಪುರೋಹಿತರು ಗಂಗಾತೀರದಲ್ಲಿ ಕಾದಿರತಕ್ಕವರು. ವಿಮಾನವಿಳಿದ ಮೇಲೆ ರೈಲಿಗೆ ನಮಗಿದ್ದ ಅವಕಾಶ ಎರಡು ಗಂಟೆ ಮಾತ್ರ.

ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯಲ್ಲಿ 2008ರಿಂದ ಬೆಂಗಳೂರಿನ ವಿಮಾನನಿಲ್ದಾಣವಿರುವುದನ್ನು ವಾಚಕರು ಬಲ್ಲರು. ಆ ದಿನ ನಮ್ಮ ವಿಮಾನವು ಹಿಂದಿನ ಊರಿನಿಂದಲೇ ತಡವಾಗಿ ಬಂದುದರಿಂದ, ನಾವು ನೆಲವನ್ನು ಬಿಡುವ ವೇಳೆಗೆ ಐವತ್ತು ನಿಮಿಷ ಕಳೆದುಹೋಗಿದ್ದಿತು. ನಂದಿಬೆಟ್ಟವು ಮಲಗಿದ ಬಸವನಂತೆ ಕಿಟಕಿಯ ಕೆಳಗೆ ತೋರಿ ಹಿಂದಾಯಿತು. ನಮ್ಮ ದೃಷ್ಟಿ ಮಾತ್ರ ಗಡಿಯಾರದ ಮೇಲೆ.

“ಇವರಿಗೆ ಇನ್ನಷ್ಟು ಬೇಗ ಓಡಿಸಲು ಬರುವುದಿಲ್ಲವೇ?” ಎಂದು ನಮ್ಮ ಮನೆಯವರು ಕೇಳಿದರು. ಪಕ್ಕದಲ್ಲಿದ್ದ ವೃದ್ಧರೊಬ್ಬರು ನಕ್ಕು, “ಬರುತ್ತದೆ ತಾಯಿ, ಆದರೆ ಅದಕ್ಕೆ ಬೆಲೆಯುಂಟು,” ಎಂದರು. ಅವರು ಬಹುಕಾಲ ವಿಮಾನ ನಡೆಸಿ ನಿವೃತ್ತರಾದವರಂತೆ.

ಅವರಿಂದ ತಿಳಿದ ಸಂಗತಿ ಇದು. ಒಲೆಗೆ ಸೌದೆಯನ್ನು ತುಂಬಿ ಉರಿಸಿದರೆ ಬೇಳೆ ಬೇಗ ಬೇಯುವುದು, ಸೌದೆ ಹಾಳಾಗುವುದು. ಉರಿ ತಗ್ಗಿಸಿದರೆ ಸೌದೆ ಉಳಿಯುವುದು, ಒಲೆಯ ಮುಂದೆ ಕುಳಿತವಳ ಹೊತ್ತು ಹೋಗುವುದು. ವಿಮಾನದ ಒಲೆಯಾದರೋ ಗಂಟೆಗೆ ಎರಡು ಟನ್ನಿಗೂ ಮೀರಿ ಇಂಧನವನ್ನು ನುಂಗತಕ್ಕದ್ದು. ಹಾಗೆಂದು ತೀರ ನಿಧಾನಿಸಿದರೂ ಲಾಭವಿಲ್ಲ. ಅಷ್ಟು ಭಾರವನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಶ್ರಮವೇ ಆಗ ಹೆಚ್ಚುವುದು. ಇತ್ತ ಕಾಲಕ್ಕೂ ಕ್ರಯವುಂಟು. ನೌಕರರ ವೇತನ, ಹಾರಿದ ಗಂಟೆಗಳ ಮೇರೆಗೆ ಯಂತ್ರಕ್ಕೆ ಮಾಡಬೇಕಾದ ದುರಸ್ತಿ, ಮುಂದಿನ ವಿಮಾನವನ್ನು ತಪ್ಪಿಸಿಕೊಂಡ ಪ್ರಯಾಣಿಕರ ಊಟ ವಸತಿ, ಎಲ್ಲವೂ ನಿಮಿಷದ ಲೆಕ್ಕಕ್ಕೆ ಸೇರುತ್ತವೆ. ಒಂದು ನಿಮಿಷದ ವೆಚ್ಚವನ್ನು ಒಂದು ಕಿಲೋ ಇಂಧನದ ಬೆಲೆಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ವೈಮಾನಿಕರು ಕಾಸ್ಟ್ ಇಂಡೆಕ್ಸ್ ಎನ್ನುತ್ತಾರೆ. ಒಂದು ನಿಮಿಷವನ್ನುಳಿಸಲು ಎಷ್ಟು ಕಿಲೋ ಸುಡಬಹುದೆಂಬುದೇ ಅದರ ಅರ್ಥ. ಹೊರಡುವ ಮುನ್ನ ಅದನ್ನು ಯಂತ್ರಕ್ಕೆ ಒಪ್ಪಿಸಿದರೆ ಅದು ತಾನೇ ವೇಗವನ್ನು ಗೊತ್ತುಮಾಡುತ್ತದೆ. ಸೊನ್ನೆಯೆಂದರೆ ಪರಮ ಮಿತವ್ಯಯ.

1973ರಲ್ಲಿ ತೈಲದ ಮುಗ್ಗಟ್ಟು ತಲೆದೋರಿ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟು ಏರಿದ ಮೇಲೆ ಈ ಲೆಕ್ಕಕ್ಕೆ ವಿಶೇಷ ಮಹತ್ವ ಬಂದಿತು. ಲಂಡನ್ನಿನಿಂದ ನ್ಯೂಯಾರ್ಕಿಗೆ ಮೂರೂವರೆ ಗಂಟೆಯಲ್ಲಿ ಹಾರುತ್ತಿದ್ದ ಕಾಂಕಾರ್ಡ್, ಸುಮಾರು ನೂರು ಜನರಿಗಾಗಿ ತಲೆಗೊಂದು ಟನ್ನಿನಷ್ಟು ಇಂಧನವನ್ನು ಸುಡುತ್ತಿದ್ದು, 2003ರಲ್ಲಿ ಸಂಚಾರವನ್ನೇ ನಿಲ್ಲಿಸಿತು.

“ನಮಗೆ ಎಷ್ಟು ನಿಮಿಷ ಉಳಿಸಿಯಾರು?” ಎಂದೆವು. ವೃದ್ಧರು ಬೆರಳು ಮಡಿಸಿದರು. ದೆಹಲಿಗೆ ಸುಮಾರು 1,700 ಕಿಲೋಮೀಟರ್. ಎತ್ತರದಲ್ಲಿ ಸಮವಾಗಿ ಹಾರುವುದು ಎರಡು ಗಂಟೆ. ಶಬ್ದದ ವೇಗದಲ್ಲಿ ನೂರಕ್ಕೆ 76ರಷ್ಟಿರುವುದನ್ನು 80ಕ್ಕೆ ಏರಿಸಿದರೂ ಉಳಿಯುವುದು ಆರು ನಿಮಿಷ!

“ಆ ಆರು ನಿಮಿಷವನ್ನಾದರೂ ಕೊಡಲಿ,” ಎಂದರು ನಮ್ಮ ಮನೆಯವರು, ಮಡಿಲಲ್ಲಿದ್ದ ಚೀಲವನ್ನು ಸರಿಪಡಿಸುತ್ತ. ಅದರಲ್ಲಿ ಏನಿದೆಯೆಂದು ವೃದ್ಧರಿಗೆ ತಿಳಿದಿರಬೇಕು. ಅವರು ಸ್ವರ ತಗ್ಗಿಸಿ, “ಇದೇ ಕಂಪೆನಿಯ ವಿಮಾನವನ್ನೇ ನೀವು ದೆಹಲಿಯಲ್ಲಿ ಹಿಡಿಯಬೇಕಾಗಿದ್ದರೆ ನಿಮ್ಮ ಆತುರವೂ ಅವರ ಲೆಕ್ಕಕ್ಕೆ ಬರುತ್ತಿತ್ತು. ರೈಲು ತಪ್ಪಿದರೆ ಖರ್ಚು ನಿಮ್ಮದಲ್ಲವೇ?” ಎಂದರು. ಮಾತು ಕಠಿಣವೆನಿಸಿತು, ಆದರೆ ಅವರು ಮುಚ್ಚಿಡದೆ ಹೇಳಿದುದಕ್ಕೆ ಸಂತೋಷವೂ ಆಯಿತು.

ಚಾಲಕರು ವೇಗವನ್ನು ಹೆಚ್ಚಿಸಿದರೋ ಇಲ್ಲವೋ ತಿಳಿಯದು. ಯಮುನೆಯ ಬಯಲು ಮಂಜಿನ ನಡುವೆ ಕಾಣಿಸಿದ ಮೇಲೆ ವಿಮಾನವು ಒಂದೇ ಕಡೆ ಪ್ರದಕ್ಷಿಣೆ ಹಾಕತೊಡಗಿತು. ಇಳಿಯಲು ಮುಂದಿನವರ ಸರದಿ ಮುಗಿಯಬೇಕಂತೆ. ಇಪ್ಪತ್ತು ನಿಮಿಷ ಸುತ್ತಿದೆವು. “ಅವಸರಪಟ್ಟು ಬಂದವರಿಗೂ ಇಲ್ಲಿ ಇದೇ ಗತಿ,” ಎಂದು ವೃದ್ಧರು ಕಣ್ಣು ಮುಚ್ಚಿಕೊಂಡರು.

ನಾವು ದೆಹಲಿಯ ನಿಲ್ದಾಣವನ್ನು ಮುಟ್ಟುವಾಗ ರೈಲು ಹೊರಟು ಕಾಲುಗಂಟೆಯಾಗಿದ್ದಿತು. ರಾತ್ರಿಯ ಬಸ್ಸಿಗೆ ಬೇರೆ ಹಣ ತೆತ್ತು, ಚಳಿಯಲ್ಲಿ ಮುದುರಿಕೊಂಡು, ಬೆಳಗಿನ ಜಾವಕ್ಕೆ ಹರಿದ್ವಾರವನ್ನು ಸೇರಿದೆವು. ಗಂಗೆ ಕತ್ತಲಲ್ಲಿ ಭೋರೆಂದು ಹರಿಯುತ್ತಿದ್ದಳು. ಪುರೋಹಿತರು ಅರ್ಧ ಗಂಟೆ ತಡವಾಗಿ ಬಂದರು.