ಸವಾರೊ ನಾಡಿನಲ್ಲೊಂದು ಸವಾರಿ

ಡಿಸೆಂಬರ್ ತಿಂಗಳಲ್ಲಿ ನಾನೂ ನನ್ನಾಕೆಯೂ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಗನ ಮನೆಯಲ್ಲಿದ್ದೆವು. ಅಲ್ಲಿನ ಚಳಿ ನಮ್ಮ ಮೈಸೂರಿನ ಚಳಿಯಂತಲ್ಲ. ಕೆರೆಯ ನೀರೆಲ್ಲ ಕಲ್ಲಿನಂತೆ ಗಟ್ಟಿಯಾಗುತ್ತದೆ. ಜನ ಅದರ ಮೇಲೆ ನಡೆದುಹೋಗಿ, ತೂತು ಕೊರೆದು ಮೀನು ಹಿಡಿಯುತ್ತಾರೆ! ಗ್ಯಾರೇಜಿನಲ್ಲಿ ಮಗನ ಬೈಕೂ, ಹನ್ನೊಂದು ವರ್ಷದ ಮೊಮ್ಮಗನ 110 ಸಿಸಿಯ ಪುಟ್ಟ ಬೈಕೂ ಬಟ್ಟೆ ಹೊದ್ದು ಮಲಗಿದ್ದವು. ಎರಡೂ ಡಾಂಬರು ರಸ್ತೆಯವಲ್ಲ. ಕಾಡುಮೇಡಿನ ಮಣ್ಣುದಾರಿಗೆಂದೇ ಮಾಡಿದವು.

“ತಾತ, ಇವು ಏಪ್ರಿಲ್‌ವರೆಗೆ ಏಳೋದೇ ಇಲ್ಲ” ಎಂದು ಮೊಮ್ಮಗ ಮುಖ ಸಣ್ಣಗೆ ಮಾಡಿದ.

ಅವನ ಸಂಕಟ ನನಗೆ ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ನಾನು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗಿತ್ತು. ಇದನ್ನು ಹೇಳಿದಾಗ ಮೊಮ್ಮಗ ನಂಬಲೇ ಇಲ್ಲ!

ಕ್ರಿಸ್‌ಮಸ್ ರಜೆಗೆ ಎಲ್ಲಾದರೂ ಬೆಚ್ಚಗಿನ ಜಾಗಕ್ಕೆ ಬೈಕು ಹೇರಿಕೊಂಡು ಹೋಗೋಣ ಎಂದ ಮಗ. ಸೊಸೆ ಸುಮ್ಮನೆ ಒಪ್ಪಲಿಲ್ಲ. ಮೂರು ವರ್ಷದ ಹಿಂದೆ ಅವನು ಬೈಕಿನಿಂದ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡಿದ್ದ. “ಆಸ್ಪತ್ರೆ ಹತ್ತಿರ ಇರಬೇಕು. ಮಗು ಓಡಿಸೋದಕ್ಕೆ ಕಾನೂನಿನ ಒಪ್ಪಿಗೆ ಇರಬೇಕು. ಅತ್ತೆ, ಮಾವನಿಗೂ ನೋಡೋಕೆ ಏನಾದರೂ ಇರಬೇಕು” ಎಂದು ಮೂರು ಷರತ್ತು ಹಾಕಿದಳು.

ಊಟದ ಮೇಜಿನ ಮೇಲೆ ನಕ್ಷೆ ಹರಡಿದೆವು. ಮೊಮ್ಮಗ ಮೊದಲು ಬೆರಳಿಟ್ಟದ್ದು ಯೂಟಾದ ಮೋಆಬ್ ಮೇಲೆ. ಕೆಂಪು ಬಂಡೆಗಳ ಆ ಊರು ಬೈಕಿನವರಿಗೆ ಸ್ವರ್ಗವಂತೆ. ಆದರೆ ಅದು ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ; ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಬೆಚ್ಚಗಿದೆ. 1967ರಿಂದ ಅಲ್ಲಿ ಹೆಸರಾಂತ ಮರುಭೂಮಿ ರೇಸ್ ನಡೆಯುತ್ತಿದೆ. ಆದರೆ ಹತ್ತು ದಿನದ ರಜೆಗೆ ಅದು ತೀರಾ ದೂರ. ಫ್ಲಾರಿಡಾ ಬೆಚ್ಚಗಿದ್ದರೂ ನೆಲ ಚಪ್ಪಟೆ, ಗುಡ್ಡವಿಲ್ಲ.

ಕೊನೆಗೆ ಉಳಿದದ್ದು ಅರಿಜೋನಾ. ಇಲ್ಲೊಂದು ತಮಾಷೆ ನೋಡಿ ಮಕ್ಕಳೇ. ಒಂದೇ ರಾಜ್ಯದಲ್ಲಿ ಫ್ಲ್ಯಾಗ್‌ಸ್ಟಾಫ್ ಊರು ಸುಮಾರು 2,100 ಮೀಟರ್ ಎತ್ತರದಲ್ಲಿ ಹಿಮ ಹೊದ್ದಿರುತ್ತದೆ. ಅದೇ ಹೊತ್ತಿಗೆ ಸುಮಾರು 330 ಮೀಟರ್ ಎತ್ತರದ ಫೀನಿಕ್ಸ್‌ನಲ್ಲಿ ಹಗಲು 19 ಡಿಗ್ರಿ ಸೆಲ್ಸಿಯಸ್‌ನಷ್ಟು ಹಿತವಾದ ಬಿಸಿಲು! ಬೆಚ್ಚಗಿನ ಜಾಗ ಹುಡುಕುವಾಗ ದಕ್ಷಿಣ ದಿಕ್ಕನ್ನು ಮಾತ್ರ ನೋಡಿದರೆ ಸಾಲದು, ಎತ್ತರವನ್ನೂ ನೋಡಬೇಕು ಎಂದು ಆ ದಿನ ಮೊಮ್ಮಗನ ಜತೆ ನಾನೂ ಕಲಿತೆ.

ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಮೂರನೆಯ ದಿನ ಸಂಜೆ ಫ್ಲಾರೆನ್ಸ್ ಎಂಬ ಊರಿನಾಚೆ ಡೇರೆ ಹಾಕಿದೆವು. ಸುತ್ತ ಎಲ್ಲಿ ನೋಡಿದರೂ ಕೈ ಎತ್ತಿ ನಿಂತ ಮನುಷ್ಯರಂಥ ಕಳ್ಳಿಗಳು. ಹೆಸರು ಸವಾರೊ. “ಸವಾರರನ್ನ ಕಾಯೋದಕ್ಕೇ ನಿಂತಿರೋ ಹಾಗಿದೆ” ಎಂದಳು ನನ್ನಾಕೆ.

ಮರುದಿನ ಬೆಳಿಗ್ಗೆ ಮಗ, ಅವನ ಸ್ನೇಹಿತ, ಮೊಮ್ಮಗ ಮೂವರೂ ಸಿದ್ಧರಾದರು. ಮರಳಿನಲ್ಲಿ ಹಿಡಿತ ಸಿಗಲೆಂದು ಟೈರಿನ ಗಾಳಿ ಸ್ವಲ್ಪ ಇಳಿಸಿದರು. ಆ ರಾಜ್ಯದಲ್ಲಿ ಇಂಥ ಬೈಕು ಓಡಿಸುವ 18 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ಬೆನ್ನಿಗೆ ನೀರಿನ ಚೀಲ. ನಿಯಮ ಎರಡೇ. ದಾರಿ ಕವಲೊಡೆದಲ್ಲಿ ನಿಂತು ಹಿಂದಿನವರಿಗೆ ಕಾಯಬೇಕು. ತಪ್ಪಿಸಿಕೊಂಡರೆ ಇದ್ದಲ್ಲೇ ಇರಬೇಕು.

ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದರು. ಹನ್ನೊಂದೂವರೆಯಾಯಿತು. ದೂರದಲ್ಲಿ ಧೂಳು ಕಾಣಲಿಲ್ಲ. ಕೊನೆಗೆ ಮಗನೊಬ್ಬನೇ ಬಂದ. “ಪುಟ್ಟ ಇಲ್ಲಿಗೆ ಬಂದನಾ?” ಎಂದ. ಸೊಸೆಯ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಮಗ ಮತ್ತೆ ಬೈಕು ತಿರುಗಿಸಿದ. ನನ್ನ ಎಪ್ಪತ್ತೆರಡು ವರ್ಷದಲ್ಲಿ ಅಷ್ಟು ಉದ್ದದ ಮುಕ್ಕಾಲು ಗಂಟೆಯನ್ನು ನಾನು ಕಂಡಿಲ್ಲ. ‘ಕರೆದುಕೊಂಡು ಹೋಗು’ ಎಂದು ಮಗನನ್ನು ಹುರಿದುಂಬಿಸಿದವನು ನಾನೇ ಅಲ್ಲವೇ?

ಆದದ್ದು ಇಷ್ಟು. ಹಿಂದಿದ್ದ ಸ್ನೇಹಿತನ ಟೈರು ಪಂಕ್ಚರ್ ಆಗಿತ್ತು. ಕವಲಿನಲ್ಲಿ ಮೊಮ್ಮಗ ಕಾಯಲಿಲ್ಲ. ಅಪ್ಪನನ್ನು ಬೇಗ ಹಿಡಿಯೋಣವೆಂದು ಒಣಗಿದ ಹಳ್ಳದ ಮೂಲಕ ಅಡ್ಡದಾರಿ ಹಿಡಿದು ಮರಳಿನಲ್ಲಿ ಹೂತುಕೊಂಡ. ಪುಣ್ಯಕ್ಕೆ ಎರಡನೆಯ ನಿಯಮ ಮುರಿಯಲಿಲ್ಲ. ಬೈಕಿನ ಪಕ್ಕದಲ್ಲೇ ಕುಳಿತಿದ್ದ. ಟೈರಿನ ಗುರುತು ಹಿಡಿದು ಹೋಗಿ ಅವನನ್ನು ಕರೆತಂದರು.

ತೋಳಿನ ತುಂಬ ಚೋಯಾ ಎಂಬ ಕಳ್ಳಿಯ ಮುಳ್ಳು. ಅದರ ತುಂಡು ಸ್ವಲ್ಪ ತಗಲಿದರೂ ಅಂಟಿಕೊಂಡು ಬರುತ್ತದೆ. ಕೈಯಲ್ಲಿ ಕೀಳಹೋದರೆ ಕೈಗೂ ಚುಚ್ಚುತ್ತದೆ. ಅಜ್ಜಿ ತನ್ನ ಬಾಚಣಿಗೆ ತಂದು, ಮುಳ್ಳಿನ ಉಂಡೆಯ ಅಡಿಗೆ ತೂರಿಸಿ ಒಂದೇ ಸಲ ಎಗರಿಸಿದಳು. ಆ ಊರಿನವರೂ ಹಾಗೇ ಮಾಡುತ್ತಾರಂತೆ! ಯಾರೂ ಅವನನ್ನು ಬೈಯಲಿಲ್ಲ. ಸೊಸೆ ಅವನ ತಲೆ ಸವರುತ್ತಲೇ ಇದ್ದಳು.

ಸಂಜೆ ಅವನೊಂದಿಗೆ ಆ ಜಾಗಕ್ಕೆ ನಾನೂ ಹೋದೆ. ಅವನ ಟೈರಿನ ಗುರುತಿನಿಂದ ಒಂದು ಗೇಣು ದೂರದಲ್ಲಿ, ಹಸಿರು ತೊಗಟೆಯ ಪಾಲೊ ವರ್ಡೆ ಮರದ ಬುಡದಲ್ಲಿ, ಹೆಬ್ಬೆರಳು ಗಾತ್ರದ ಸವಾರೊ ಸಸಿ. ಮರದ ನೆರಳಿಲ್ಲದಿದ್ದರೆ ಇಂಥ ಸಸಿ ಬಿಸಿಲಿಗೆ, ಚಳಿಗೆ ಉಳಿಯುವುದು ಕಷ್ಟ. ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯುವುದು ಒಂದು, ಒಂದೂವರೆ ಅಂಗುಲ ಮಾತ್ರ. ಕೈ ಮೂಡಲು ಐವತ್ತು ವರ್ಷವಾದರೂ ಬೇಕು. ಬದುಕಿದರೆ ನೂರೈವತ್ತು ವರ್ಷ ದಾಟುವುದೂ ಉಂಟು.

“ಅಂದರೆ ಇದು ನನ್ನ ವಯಸ್ಸಿನದಾ ತಾತ?”

“ಹೌದು ಮರಿ, ಹೆಚ್ಚುಕಮ್ಮಿ ನಿನ್ನ ಓರಗೆಯದು.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ದಾರಿಯಾಚೆಗಿನ ತನ್ನ ಟೈರಿನ ಗುರುತನ್ನು ಕೈಯಿಂದಲೇ ಸವರಿ ಸಮ ಮಾಡತೊಡಗಿದ. ಬೇರೆಯವರು ಅದೇ ಗುರುತು ಹಿಡಿದು ಬರಬಾರದಲ್ಲ! ನಾನೂ ಬಗ್ಗಿ ಕೈ ಸೇರಿಸಿದೆ.

ಉಳಿದ ನಾಲ್ಕು ದಿನ ಅವನು ಪ್ರತಿ ಕವಲಿನಲ್ಲೂ ನಿಂತ. ಊರಿಗೆ ಮರಳಿದ ಮೇಲೆ ಈಗ ಫೋನ್ ಮಾಡಿದಾಗಲೆಲ್ಲ ಕೇಳುತ್ತಾನೆ: “ತಾತ, ಮುಂದಿನ ಚಳಿಗಾಲಕ್ಕೆ ಬರ್ತೀರಾ? ನನ್ನ ಸಸಿ ಎಷ್ಟು ಬೆಳೆದಿದೆ ನೋಡಬೇಕು.”

ಒಂದು ವರ್ಷದಲ್ಲಿ ಅದು ಕೂದಲೆಳೆಯಷ್ಟು ಬೆಳೆದಿದ್ದರೆ ಹೆಚ್ಚು. ಆದರೂ “ಬರ್ತೀನಿ” ಎಂದಿದ್ದೇನೆ.